ಓದದೆ ಹಾಕಿದ ಸಹಿ

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಪಿಎಚ್.ಡಿ. ಮೌಖಿಕ ಪರೀಕ್ಷೆಯೊಂದಕ್ಕೆ ನಾವು ಹೊರಗಿನ ಪರೀಕ್ಷಕರಾಗಿ ಹೋಗಿದ್ದೆವು. ಯಾವ ವಿಶ್ವವಿದ್ಯಾಲಯ ಎಂಬುದು ಇಲ್ಲಿ ಬೇಡ, ಎಲ್ಲಿಯಾದರೂ ನಡೆಯಬಹುದಾದದ್ದೇ. ಅಭ್ಯರ್ಥಿ ಹಿರೇಕೆರೂರು ಸೀಮೆಯ ಹುಡುಗ. ಹುಡುಗ ಎಂದೆವು, ವಯಸ್ಸು ಮೂವತ್ತೇಳು ದಾಟಿತ್ತು. ತಾಯಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ಇವನೇ. ಒಂಬತ್ತು ವರ್ಷ ಅತಿಥಿ ಉಪನ್ಯಾಸಕನಾಗಿ ದುಡಿದು, ಬಸ್ಸಿನಲ್ಲಿ ಓಡಾಡುತ್ತಲೇ ಮಹಾಪ್ರಬಂಧ ಮುಗಿಸಿದ್ದ. ವಿಷಯ: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಮೊಹರಂ ರಿವಾಯತ್ ಪದಗಳು.

ಒಳ್ಳೆಯ ವಿಷಯ. ಕರ್ಬಲಾದ ಕಥೆಯನ್ನು ನಮ್ಮ ಕಡೆಯ ಹಳ್ಳಿಗರು ಕನ್ನಡದಲ್ಲಿ ಕಟ್ಟಿ ಹಾಡುತ್ತ ಬಂದ ಪದಗಳು ಇವು. ಹಾಡುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರುಗಳಲ್ಲೂ ಅಲಾವಿ ಕುಣಿ ತೋಡುವ ಸೀಮೆ ನಮ್ಮದು. ಆದರೆ ಪ್ರಬಂಧದ ಒಳಗೆ ಹೋದರೆ ಬೇರೆಯೇ ಕಥೆ. ಮೊದಲ ಅಧ್ಯಾಯ ಹಳೆಯ ಪುಸ್ತಕವೊಂದರಿಂದ ಇಳಿಸಿಕೊಂಡದ್ದು. ಪದಗಳಲ್ಲಿ ಸುಮಾರು ಅರ್ಧದಷ್ಟು ಅಚ್ಚಾದ ಸಂಗ್ರಹವೊಂದರಿಂದ ಅಕ್ಷರದೋಷದ ಸಮೇತ ಬಂದಿದ್ದವು. ಅವನೇ ಊರೂರು ತಿರುಗಿ ಬರೆದುಕೊಂಡ ಪದಗಳು ನಿಜಕ್ಕೂ ಚೆನ್ನಾಗಿದ್ದವು. ಆದರೆ ಅವುಗಳ ಕೆಳಗೆ ‘ಒಬ್ಬ ವೃದ್ಧರು ಹಾಡಿದ್ದು’ ಎಂದಷ್ಟೇ ಇತ್ತು. ಯಾವ ವೃದ್ಧರು, ಯಾವ ಊರು, ಯಾರಿಂದ ಕಲಿತರು? ಒಂದೂ ಇಲ್ಲ. ನಾವು ಮೂರನೆಯ ಅಧ್ಯಾಯದವರೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿದೆವು. ಆಮೇಲೆ ಹಾಕಲಿಲ್ಲ, ಏಕೆಂದರೆ ಆಮೇಲೆ ಓದಲಿಲ್ಲ.

ಪರೀಕ್ಷೆಗೆ ಮೊದಲು ಅವನ ಮಾರ್ಗದರ್ಶಕರು ನಮ್ಮನ್ನು ಪಕ್ಕಕ್ಕೆ ಕರೆದರು. ‘ಪಾಪ, ಬಡವರ ಮಗ. ಇದೊಂದು ಆದ್ರ ಅವನ ಮನಿ ನಿಲ್ತೈತಿ. ನೀವು ಮನಸ್ಸು ಮಾಡ್ರಿ’ ಎಂದರು. ಬಾಗಿಲ ಹೊರಗೆ ಅವನ ಹೆಂಡತಿ, ಕಂಕುಳಲ್ಲಿ ಮಗು, ಕೈಯಲ್ಲಿ ಪೇಢೆಯ ಡಬ್ಬಿ. ಮೇಜಿನ ಮೇಲೆ ನಮಗೆ ಹೊದಿಸಲು ತಂದ ಶಾಲು ಆಗಲೇ ಇತ್ತು. ನಾವು ನಾಲ್ಕು ಪ್ರಶ್ನೆ ಕೇಳಿದೆವು, ಸಹಿ ಹಾಕಿದೆವು, ಊಟ ಮಾಡಿದೆವು.

ನಾವು ಅಂದು ಮಾಡಿದ್ದು ಕರುಣೆಯೇ?

ಹೌದು ಎನ್ನುವವರ ವಾದ ಹಗುರಾದದ್ದಲ್ಲ. ಅದನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಗುಣಮಟ್ಟದ ಹೆಸರಿನ ಬಾಗಿಲು ನಮ್ಮ ದೇಶದಲ್ಲಿ ಬಡವನ ಮುಖಕ್ಕೇ ಮೊದಲು ಬಡಿಯುತ್ತದೆ. ಉಳ್ಳವರ ಮಕ್ಕಳು ಇದಕ್ಕಿಂತ ಜೊಳ್ಳು ಪ್ರಬಂಧಗಳನ್ನು ಬರೆದು ಪ್ರಾಧ್ಯಾಪಕರಾಗಿ, ಕುಲಪತಿಗಳೂ ಆಗಿ ನಿವೃತ್ತರಾದರು. ಆಗ ಯಾರ ಪೆನ್ಸಿಲೂ ಚೂಪಾಗಿರಲಿಲ್ಲ. ನಿಯಮಗಳಾದರೂ ನೆಟ್ಟಗಿವೆಯೇ? ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯ ಎಂದು ಯುಜಿಸಿ 2018ರಲ್ಲಿ ಹೇಳಿತು. 2021ರಿಂದ ಜಾರಿ ಎಂದಿತು. 2023ಕ್ಕೆ ಮುಂದೂಡಿತು. ಆ ಗಡುವು ಬಂದಾಗ ಕಡ್ಡಾಯವಲ್ಲ, ನೆಟ್ ಅಥವಾ ಸೆಟ್ ಸಾಕು ಎಂದಿತು. ಈ ನಡುವೆ ಸಾಲ ಮಾಡಿ ಅವಸರದಲ್ಲಿ ಪ್ರಬಂಧ ಮುಗಿಸಿದವರ ಲೆಕ್ಕ ಯಾರ ಬಳಿ ಇದೆ? ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧಕರಿಗೆಂದು 2009ರಲ್ಲಿ ಶುರುವಾದ ಮೌಲಾನಾ ಆಜಾದ್ ಫೆಲೋಶಿಪ್ ಅನ್ನು ನಿಲ್ಲಿಸುವುದಾಗಿ 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಲೋಕಸಭೆಯಲ್ಲಿ ಹೇಳಿತು. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುತ್ತಿವೆ. 2023ರ ಕೊನೆಯಲ್ಲಿ ಅವರು ಬೀದಿಗಿಳಿದ ಮೇಲೆ, 2024ರ ಜನವರಿಯಲ್ಲಿ ಗೌರವಧನಕ್ಕೆ ಒಂದಿಷ್ಟು ಸಾವಿರ ಸೇರಿತು. ಕಾಯಮಾತಿ ಮಾತ್ರ ಬರಲಿಲ್ಲ. ಇಂಥ ಲೋಕದಲ್ಲಿ ಒಬ್ಬ ಪರೀಕ್ಷಕ ಇದ್ದಕ್ಕಿದ್ದಂತೆ ಸತ್ಯಹರಿಶ್ಚಂದ್ರನಾದರೆ ಅವನ ಸತ್ಯದ ಪೆಟ್ಟು ಬೀಳುವುದು ಎದುರಿಗೆ ಕುಳಿತ ದುರ್ಬಲನ ಮೇಲೆ ಮಾತ್ರ.

ಇಷ್ಟನ್ನೂ ಒಪ್ಪಿಕೊಂಡೇ ನಾವು ಕೇಳಬೇಕಾದದ್ದು: ಅಂದು ನಾವು ಕೊಟ್ಟ ದಾನ ಯಾರ ಕಿಸೆಯಿಂದ ಹೋಯಿತು? ನಮ್ಮದರಿಂದಲ್ಲ. ನಾವು ಒಂದು ಸಹಿ ಖರ್ಚು ಮಾಡಿ ಶಾಲು ಹೊದ್ದುಕೊಂಡು ಬಂದೆವು. ಮಾರ್ಗದರ್ಶಕರ ಕಿಸೆಯಿಂದಲೂ ಅಲ್ಲ. ಆ ದುಡ್ಡು ಕೊಟ್ಟವರು ಹಾನಗಲ್ಲದ, ಸವಣೂರಿನ ಪದವಿ ಕಾಲೇಜುಗಳ ಬೆಂಚಿನಲ್ಲಿ ಕೂತ ಮಕ್ಕಳು. ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬರುವ, ತಮ್ಮ ಮನೆಯ ಮೊದಲ ಪದವಿಗಾಗಿ ಓದುವ ಹುಡುಗಿಯರು. ಅವರೂ ಬಡವರ ಮಕ್ಕಳೇ. ಕೋಣೆಯಲ್ಲಿ ಎದುರಿಗೆ ಕೂತವನ ಬಡತನ ನಮಗೆ ಕಂಡಿತು, ಕೋಣೆಯ ಹೊರಗಿನದು ಕಾಣಲಿಲ್ಲ. ಪೇಢೆ ತಂದವರು ಅವರಲ್ಲವಲ್ಲ.

ಇನ್ನೊಂದು ಮಾತೂ ಇದೆ. ಆ ಹುಡುಗನಿಗೆ ಸಲ್ಲಬೇಕಾದ ಕರುಣೆ ನಾಲ್ಕು ವರ್ಷ ಮೊದಲೇ ಸಲ್ಲಬೇಕಿತ್ತು. ಅವನು ಮೊದಲ ಪದವನ್ನು ಬರೆದುಕೊಂಡು ಬಂದ ದಿನ, ‘ಹಾಡಿದವರ ಹೆಸರೇನು?’ ಎಂದು ಯಾರಾದರೂ ಕೇಳಿದ್ದರೆ ಸಾಕಿತ್ತು. ಮೊದಲ ಅಧ್ಯಾಯವನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕೊಟ್ಟಿದ್ದರೆ ಅವನು ಎರಡನೆಯದನ್ನು ಕದಿಯುತ್ತಿರಲಿಲ್ಲ. ತಿದ್ದುವುದಕ್ಕೆ ಸಮಯ ಬೇಕು, ತಾಳ್ಮೆ ಬೇಕು, ಸ್ವತಃ ಓದಿರಬೇಕು. ಸಹಿಗೆ ಇವು ಯಾವುವೂ ಬೇಡ. ಮಾಡಬೇಕಾದ ಕೆಲಸ ಮಾಡದವರು ಕೊನೆಯ ದಿನ ಕರುಣಾಳುಗಳಾಗುತ್ತೇವೆ.

ಈ ಸೀಮೆಗೆ ಗುರು-ಶಿಷ್ಯರ ಪಾಠವನ್ನು ಹೊರಗಿನವರು ಬಂದು ಹೇಳಬೇಕಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರು (1819–1889) ಮುಲ್ಕಿ ಪರೀಕ್ಷೆ ಪಾಸು ಮಾಡಿ ಕೆಲಕಾಲ ಶಾಲೆ ಮಾಸ್ತರಿಕೆ ಮಾಡಿದವರು. ಆಮೇಲೆ ಕಳಸದ ಗೋವಿಂದ ಭಟ್ಟರ ಬೆನ್ನು ಹತ್ತಿದರು. ಜನ ಹೇಳುವ ಕಥೆ ಎಲ್ಲರಿಗೂ ಗೊತ್ತು: ನಿನ್ನ ಅಪ್ಪ ಯಾರು ಎಂದು ಭಟ್ಟರು ಕೇಳಿದರಂತೆ, ನಿಮ್ಮ ಅಪ್ಪನೇ ನನ್ನ ಅಪ್ಪ ಎಂದು ಶರೀಫರು ಹೇಳಿದರಂತೆ, ಭಟ್ಟರು ಮೆಚ್ಚಿದರಂತೆ. ಇಂದಿನ ಸಂಶೋಧನಾರ್ಥಿಯನ್ನೂ ಮೊದಲ ದಿನ ಬಹುಮಟ್ಟಿಗೆ ಇದೇ ಪ್ರಶ್ನೆ ಕೇಳುತ್ತಾರೆ. ‘ನೀವು ಯಾರ ಪೈಕಿ?’ ಎಂದು ಸ್ವಲ್ಪ ಮೆಲ್ಲಗೆ. ಅದಕ್ಕೆ ಶರೀಫರ ಉತ್ತರ ಕೊಟ್ಟರೆ ಮಾರ್ಗದರ್ಶಕರು ಸಿಗುವುದು ಕಷ್ಟ.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯದು ಇದಕ್ಕಿಂತ ಗಟ್ಟಿಯಾದ ಉದಾಹರಣೆ. 1892ರಲ್ಲಿ ಅಲ್ಲಿ ಹುಟ್ಟಿದ ಅಂಧ ಬಾಲಕನೊಬ್ಬನ ಕಂಠ ಹಾನಗಲ್ಲ ಕುಮಾರಸ್ವಾಮಿಗಳ ಕಿವಿಗೆ ಬಿತ್ತು. ‘ಪಾಪ, ಕುರುಡ ಹುಡುಗ’ ಎಂದು ಅವರು ಆ ಹುಡುಗನನ್ನು ನೇರವಾಗಿ ಗವಾಯಿ ಎಂದು ಕರೆಯಲಿಲ್ಲ. ಕರ್ನಾಟಕ ಸಂಗೀತಕ್ಕೆ ಮೈಸೂರಿಗೆ ಕಳಿಸಿದರು. ಆಮೇಲೆ ಹಿಂದೂಸ್ತಾನಿಯನ್ನು ನೀಲಕಂಠಬುವಾ ಮಿರಜಕರರಿಂದ, ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದ ಕಲಿಯುವುದಾಯಿತು. ವರ್ಷಗಟ್ಟಲೆ ಊಟ, ವಸತಿ, ಗುರು ಎಲ್ಲದರ ಚಿಂತೆಯನ್ನು ಬೇರೆಯವರು ಹೊತ್ತರು. ಕಲಿಯುವ ಚಿಂತೆಯೊಂದನ್ನು ಹುಡುಗನಿಗೆ ಬಿಟ್ಟರು. ಪಂಚಾಕ್ಷರ ಗವಾಯಿಗಳು ಗುರುವಾದದ್ದು ಹೀಗೆ. ಅವರು ಬೆಳೆಸಿದ ಶಿಷ್ಯರಲ್ಲಿ ಅದೇ ತಾಲ್ಲೂಕಿನ ದೇವಗಿರಿಯ ಪುಟ್ಟರಾಜ ಗವಾಯಿಗಳು ಒಬ್ಬರು. ಗದಗಿನ ವೀರೇಶ್ವರ ಪುಣ್ಯಾಶ್ರಮ 2010ರವರೆಗೆ ಅವರ ಕೈಯಲ್ಲಿತ್ತು. ಅಂಧ ಮಕ್ಕಳಿಗೆ, ಅನಾಥರಿಗೆ ಅಲ್ಲಿ ಅನ್ನ ಪುಕ್ಕಟೆ, ಹಾಸಿಗೆ ಪುಕ್ಕಟೆ, ಪಾಠ ಪುಕ್ಕಟೆ. ಅಪಸ್ವರಕ್ಕೆ ಮಾತ್ರ ರಿಯಾಯಿತಿ ಕೊಟ್ಟಿದ್ದರೆ ಅಲ್ಲಿಂದ ಅಷ್ಟೊಂದು ಜನ ಗಾಯಕರು ಹೊರಬರುತ್ತಿರಲಿಲ್ಲ. ಕರುಣೆಯನ್ನು ಎಲ್ಲಿಡಬೇಕು, ಎಲ್ಲಿಡಬಾರದು ಎಂಬುದು ಆ ಆಶ್ರಮದ ಅಡುಗೆಯವನಿಗೂ ತಿಳಿದಿದ್ದೀತು.

ಗುರುಪರಂಪರೆಯನ್ನು ಸುಮ್ಮನೆ ಹೊಗಳುವುದೂ ನಮ್ಮ ಇಚ್ಛೆಯಲ್ಲ. ಗುರುಸೇವೆಯ ಹೆಸರಿನಲ್ಲಿ ಮಾರ್ಗದರ್ಶಕರ ಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತವರು, ಅವರ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದವರು, ಅವರ ಹೆಸರಿನಲ್ಲಿ ಲೇಖನ ಬರೆದುಕೊಟ್ಟವರು ನಮ್ಮ ಪರಿಚಯದಲ್ಲೇ ಇದ್ದಾರೆ. ಅದು ಶಿಷ್ಯತ್ವವಲ್ಲ, ಜೀತ.

ಇದೇ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿಯ ಮಗ್ಗುಲಲ್ಲಿ, 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಾವೇರಿಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ. 2025ರ ಹೊತ್ತಿಗೆ ಅದನ್ನೂ ಸೇರಿಸಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೆಂಬ ಶಿಫಾರಸು ಸಂಪುಟ ಉಪಸಮಿತಿಯಿಂದಲೇ ಬಂತು. ಕಟ್ಟಡ ಕಟ್ಟುವುದು, ಬೋರ್ಡು ಹಾಕುವುದು, ಮುಚ್ಚುವ ಮಾತಾಡುವುದು ನಮಗೆ ಸುಲಭ. ಅಧ್ಯಾಪಕನನ್ನು ಬೆಳೆಸುವುದು ಕಷ್ಟ. 1986ರ ಶಿಕ್ಷಣ ನೀತಿಯ ನಂತರ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಬಂದವು. 2015ರಲ್ಲಿ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. 2023ರಿಂದ ಮಾಳವೀಯ ಮಿಷನ್ ಕೇಂದ್ರಗಳು. ಬೋರ್ಡು ಬರೆಯುವವನಿಗೆ ಒಳ್ಳೆಯ ಕೆಲಸ ಸಿಕ್ಕಿತು. ಅಂಥ ಒಂದು ಪುನಶ್ಚೇತನ ಶಿಬಿರದಲ್ಲಿ ನಾವೂ ಮೂರು ವಾರ ಕೂತಿದ್ದೇವೆ. ಯೋಗದಿಂದ ಜಾಗತೀಕರಣದವರೆಗೆ ಎಲ್ಲ ಉಪನ್ಯಾಸ ಕೇಳಿದೆವು. ವಿದ್ಯಾರ್ಥಿಯ ಕರಡು ಅಧ್ಯಾಯವನ್ನು ಹೇಗೆ ಓದಬೇಕು, ಅವನ ಮನಸ್ಸು ಮುರಿಯದಂತೆ ‘ಇದು ಸಾಲದು’ ಎಂದು ಹೇಗೆ ಹೇಳಬೇಕು ಎಂಬುದನ್ನು ಒಬ್ಬರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಬಡ್ತಿಗೆ ಬೇಕಾದ ಸರ್ಟಿಫಿಕೇಟು ಸಿಕ್ಕಿತು. ಕಾಲೇಜು ಅಧ್ಯಾಪಕನಿಗೆ ಸಂಬಳ ಸಹಿತ ರಜೆ ಕೊಟ್ಟು, ಅವನ ತರಗತಿಗೆ ಬದಲಿ ಅಧ್ಯಾಪಕನನ್ನು ಕೊಟ್ಟು ಸಂಶೋಧನೆಗೆ ಕಳಿಸುವ ಯೋಜನೆಯೊಂದು ಯುಜಿಸಿಯಲ್ಲಿ ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿತ್ತು. ನಮ್ಮ ಮಟ್ಟಿಗೆ ಅಷ್ಟು ಶಿಬಿರಗಳಿಗಿಂತ ಅದೊಂದೇ ಮೇಲು. ಆದರೆ ಅದು ಕಾಯಂ ಇದ್ದವರಿಗೆ. ಅತಿಥಿಗೆ ರಜೆ ಎಲ್ಲಿಯದು?

ನಿಯಮಗಳ ಕೊರತೆಯಂತೂ ಇಲ್ಲ. 2009ರಲ್ಲಿ, 2016ರಲ್ಲಿ, 2022ರಲ್ಲಿ ಯುಜಿಸಿ ಪಿಎಚ್.ಡಿ. ನಿಯಮಾವಳಿ ಹೊರಡಿಸಿದೆ. ಕೋರ್ಸ್ ವರ್ಕ್ ಕಡ್ಡಾಯ. ಒಬ್ಬ ಪ್ರಾಧ್ಯಾಪಕರ ಬಳಿ ಒಮ್ಮೆಗೆ 8, ಸಹ ಪ್ರಾಧ್ಯಾಪಕರ ಬಳಿ 6, ಸಹಾಯಕ ಪ್ರಾಧ್ಯಾಪಕರ ಬಳಿ 4 ಸಂಶೋಧಕರಿಗಿಂತ ಹೆಚ್ಚಿರಬಾರದು. ಸಂಶೋಧಕನಿಗೆ ಪಾಠ ಮಾಡುವ, ಬರೆಯುವ ತರಬೇತಿಯನ್ನೂ ಕೊಡಬೇಕೆಂದು 2022ರ ನಿಯಮ ಹೇಳುತ್ತದೆ. ಕೃತಿಚೌರ್ಯದ ಬಗ್ಗೆ 2018ರ ನಿಯಮ ಬೇರೆ ಇದೆ. ನೂರಕ್ಕೆ ಹತ್ತರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಆದರೆ ಹಳೆಯ ‘ನುಡಿ’ ಅಕ್ಷರದಲ್ಲಿ ಬೆರಳಚ್ಚಾದ ಕನ್ನಡ ಆ ಯಂತ್ರದ ಕಣ್ಣಿಗೆ ಕನ್ನಡವಾಗಿಯೇ ಕಾಣುವುದಿಲ್ಲ. ಎಂದೂ ಕಂಪ್ಯೂಟರಿಗೆ ಏರದ ಹಳೆಯ ಪದಸಂಗ್ರಹದ ಕಳವು ಅದಕ್ಕೆ ಹೇಗೆ ತಿಳಿಯಬೇಕು? ಅದನ್ನು ಹಿಡಿಯಬಲ್ಲದ್ದು ಆ ಸಂಗ್ರಹವನ್ನು ಓದಿದ ಒಬ್ಬ ಮನುಷ್ಯ ಮಾತ್ರ.

ಎರಡು ವರ್ಷದ ಹಿಂದೆ ಸವಣೂರಿನ ಬಸ್ ನಿಲ್ದಾಣದಲ್ಲಿ ಆ ಹುಡುಗ ಮತ್ತೆ ಸಿಕ್ಕ. ಈಗ ಅವನಿಗೆ ಕಾಯಂ ನೌಕರಿ ಇದೆ, ತಲೆ ಅಲ್ಲಲ್ಲಿ ನರೆತಿದೆ. ಬಿಡದೆ ಚಹಾ ಕುಡಿಸಿ ದೊಡ್ಡಹುಣಸೆ ಮರಗಳಿರುವ ಮಠದ ಆವರಣಕ್ಕೆ ಕರೆದುಕೊಂಡು ಹೋದ. ಹತ್ತಾರು ಜನ ಕೈ ಕೈ ಹಿಡಿದರೂ ತಬ್ಬಲಾಗದ ಬೊಡ್ಡೆಗಳು. ಅಲ್ಲಿ ಕೂತು ಮೆಲ್ಲಗೆ ಕೇಳಿದ: ‘ಸರ್, ಒಂದು ಮಾತು ಕೇಳ್ಲೇನ್ರಿ? ನೀವರ ನನ್ನ ಥೀಸಿಸ್ ಪೂರ್ತಿ ಓದಿದ್ರಿ?’

ಮೂರು ಅಧ್ಯಾಯ ಎಂದೆವು.

ಅವನು ನಕ್ಕುಬಿಟ್ಟ. ‘ಹಂಗಾದ್ರ ನೀವೇ ಹೆಚ್ಚು ಓದಿದವರು’ ಎಂದ. ಆಮೇಲೆ ನಗಲಿಲ್ಲ. ‘ಆರು ವರ್ಷ ಯಾರೂ ಓದ್ಲಿಲ್ಲ ಅನ್ನೋದು ನನಗ ಗೊತ್ತಿತ್ರಿ. ಅದಕ್ಕ ಬರಿಯೂದು ಬಿಟ್ಟು ಇಳಿಸೂದು ಹಿಡದೆ. ಈಗ ನನ್ನ ಕೈಯಾಗ ಇಬ್ಬರು ಪಿಎಚ್.ಡಿ. ಮಾಡಾಕತ್ಯಾರ. ಅವ್ರು ಬರದು ತಂದದ್ದು ಚಲೋ ಐತೋ ಇಲ್ಲೋ, ಹೆಂಗ ನೋಡ್ಬೇಕು ಅನ್ನೂದ ನನಗ ತಿಳಿಯವಲ್ದು ಸರ್. ನನಗ ಯಾರೂ ತೋರಿಸಿಲ್ಲ.’

ನಮಗೆ ಬಾಯಿ ಕಟ್ಟಿತು. ನಾವು ಉಪಕಾರ ಮಾಡಿದೆವು ಎಂದುಕೊಂಡವನು ಹೇಳುತ್ತಿದ್ದ ಮಾತು ಇದು.

ಮೇಲೆ ನೋಡುತ್ತ ಕೂತೆವು. ಆ ಮರದ ತವರು ಆಫ್ರಿಕಾ. ಯಾವ ಕಾಲದಲ್ಲಿ ಯಾರು ಬೀಜ ತಂದರೋ. ಆ ಖಂಡದ ವಿಶ್ವವಿದ್ಯಾಲಯಗಳದೂ ನಮ್ಮದೇ ಗೋಳು. ಪಾಠ ಮಾಡುವವರಲ್ಲೇ ಅನೇಕರಿಗೆ ಪಿಎಚ್.ಡಿ. ಇಲ್ಲ, ಇದ್ದವರಿಗೆ ಶಿಷ್ಯರ ಕಡೆ ನೋಡಲು ಪುರಸೊತ್ತಿಲ್ಲ. ಉಗಾಂಡದ ಮಕೆರೆರೆ ವಿಶ್ವವಿದ್ಯಾಲಯದ ಸಮಾಜ ಸಂಶೋಧನಾ ಸಂಸ್ಥೆಗೆ 2010ರಲ್ಲಿ ನಿರ್ದೇಶಕರಾಗಿ ಬಂದವರು ಮಹಮೂದ್ ಮಮ್ದಾನಿ. 2025ರಲ್ಲಿ ನ್ಯೂಯಾರ್ಕಿನ ಮೇಯರ್ ಆಗಿ ಆಯ್ಕೆಯಾದ ಜೊಹ್ರಾನ್ ಮಮ್ದಾನಿಯ ತಂದೆ ಎಂದರೆ ಹೆಚ್ಚು ಜನರಿಗೆ ಗುರುತು ಹತ್ತೀತು. ಅಧ್ಯಾಪಕರು ವಿದೇಶಿ ದಾನಿಗಳಿಗೆ ವರದಿ ಬರೆದುಕೊಡುವ ಗುತ್ತಿಗೆದಾರರಾಗಿದ್ದಾರೆ, ಸಂಶೋಧನೆ ಸತ್ತಿದೆ ಎಂಬುದು ಅವರ ತಕರಾರು. 2012ರಲ್ಲಿ ಅವರು ಐದು ವರ್ಷದ ಪಿಎಚ್.ಡಿ. ಶುರು ಮಾಡಿದರು. ಮೊದಲು ತರಗತಿಯಲ್ಲಿ ಕೂತು ಓದು, ಆಮೇಲೆ ಬರವಣಿಗೆ. ಜಗಳವೂ ಆಯಿತು, ಸಂಶೋಧಕರು ಪಾಠವನ್ನೂ ಮಾಡಲೇಬೇಕೆಂಬ ಷರತ್ತಿನ ಮೇಲಿನ ವ್ಯಾಜ್ಯ 2016ರಲ್ಲಿ ಬೀದಿಗೆ ಬಂತು. ನೈರೋಬಿಯ ಇನ್ನೊಂದು ದಾರಿ ನಮಗೆ ಹೆಚ್ಚು ಹತ್ತಿರ. ಅಲ್ಲಿ 1988ರಲ್ಲಿ ಹುಟ್ಟಿದ ಆಫ್ರಿಕನ್ ಆರ್ಥಿಕ ಸಂಶೋಧನಾ ಒಕ್ಕೂಟ 2002ರಿಂದ ಹಲವು ದೇಶಗಳ ವಿಶ್ವವಿದ್ಯಾಲಯಗಳನ್ನು ಸೇರಿಸಿ ಒಟ್ಟಾಗಿ ಪಿಎಚ್.ಡಿ. ನಡೆಸುತ್ತದೆ. ಒಂದೊಂದು ಕಡೆ ಒಬ್ಬಿಬ್ಬರೇ ಬಲ್ಲವರಿದ್ದರೆ ಎಲ್ಲರನ್ನೂ ಒಂದೆಡೆ ಕೂಡಿಸಿ ಪಾಠ ಮಾಡಿಸುವುದು. ಆರೋಗ್ಯ ಕ್ಷೇತ್ರದಲ್ಲಿ 2008ರಿಂದ ಕಾರ್ಟಾ ಎಂಬ ಕೂಟ ಇಂಥದ್ದೇ ಕೆಲಸ ಮಾಡುತ್ತಿದೆ. ಈಗಾಗಲೇ ಪಾಠ ಮಾಡುತ್ತಿರುವ ಅಧ್ಯಾಪಕರನ್ನೇ ಸಂಶೋಧಕರಾಗಿ ತೆಗೆದುಕೊಂಡು, ವಾರಗಟ್ಟಲೆ ಜೊತೆಗೆ ಕೂರಿಸಿ ಪರಸ್ಪರರ ಕರಡು ಓದಿಸುತ್ತದೆ. ಮಾರ್ಗದರ್ಶಕರಿಗೂ ಅಲ್ಲಿ ಪಾಠವಿದೆ. ಗುರುವಿಗೇ ಪಾಠ ಎಂದರೆ ನಮ್ಮಲ್ಲಿ ಅವಮಾನ!

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇದು ಆಗದ ಮಾತೇ? ತಿಂಗಳಿಗೊಂದು ಶನಿವಾರ ಗೊಟಗೋಡಿಯಲ್ಲಿ ಸೇರಿದರಾಯಿತು. ಹಾನಗಲ್ಲ, ಸವಣೂರು ಹತ್ತಿರವೇ. ಹಿರೇಕೆರೂರಿನವರು ಬೆಳಗಿನ ಬಸ್ಸು ಹಿಡಿಯಬೇಕು. ಸಂಶೋಧಕರೂ ಮಾರ್ಗದರ್ಶಕರೂ ಒಂದೇ ಜಮಖಾನೆಯ ಮೇಲೆ ಕೂತು ಒಂದೇ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಬೇಕು. ಹಾಡಿಕೊಟ್ಟ ಹಿರಿಯರು ಬಂದು ಕೂತರೆ ಇನ್ನೂ ಒಳ್ಳೆಯದು. ಅವರಿಗಿಂತ ದೊಡ್ಡ ಹೊರಗಿನ ಪರೀಕ್ಷಕರು ಯಾರಿದ್ದಾರೆ? ಇದಕ್ಕೆ ಸರ್ಕಾರದ ಆದೇಶ ಬೇಡ, ಬಸ್ ಚಾರ್ಜು ಬೇಕು.

ಗಟ್ಟಿಯಾಗಿ ಓದುವುದು ಹೊಸತೇನಲ್ಲ. ಹಳೆಯ ಇಸ್ಲಾಮೀ ವಿದ್ಯಾಕೇಂದ್ರಗಳಲ್ಲಿ ಇಜಾಝತ್ ಎಂಬ ಪದ್ಧತಿಯಿತ್ತು. ಅದು ಸಂಸ್ಥೆ ಕೊಡುವ ಪದವಿಯಲ್ಲ, ಒಬ್ಬ ಗುರು ಒಬ್ಬ ಶಿಷ್ಯನಿಗೆ ಒಂದು ಗ್ರಂಥದ ಬಗ್ಗೆ ಕೊಡುವ ಅನುಮತಿ. ಶಿಷ್ಯ ಗ್ರಂಥವನ್ನು ಗುರುವಿನ ಮುಂದೆ ಓದುತ್ತಿದ್ದ, ಗುರು ಕೇಳಿಸಿಕೊಳ್ಳುತ್ತಿದ್ದ, ತಪ್ಪಿದಲ್ಲಿ ತಡೆಯುತ್ತಿದ್ದ. ಮುಗಿದ ಮೇಲೆ, ಇವನು ನನ್ನೆದುರು ಓದಿದ್ದಾನೆ, ಇನ್ನು ಕಲಿಸಬಹುದು ಎಂದು ಬರೆದುಕೊಡುತ್ತಿದ್ದ. ಆ ಪದ್ಧತಿಯೂ ಕೆಟ್ಟಿತು ಎನ್ನುವುದನ್ನು ಮುಚ್ಚಿಡಬೇಕಿಲ್ಲ. ಮೊಲೆಹಾಲು ಕುಡಿಯುವ ಕೂಸುಗಳಿಗೂ, ಕಣ್ಣಲ್ಲಿ ಕಾಣದ ಪರವೂರಿನವರಿಗೂ ಇಜಾಝತ್ ಬರೆದುಕೊಟ್ಟದ್ದುಂಟು. ಓದದೆ ಹಾಕುವ ಸಹಿಯ ರೋಗ ನಮ್ಮಿಂದ ಶುರುವಾದದ್ದಲ್ಲ.

ರಿವಾಯತ್ ಎಂಬ ಅರಬಿ ಮಾತಿನ ಅರ್ಥವೇ ಒಬ್ಬರಿಂದ ಕೇಳಿ ಇನ್ನೊಬ್ಬರಿಗೆ ದಾಟಿಸಿದ್ದು. ಹದೀಸ್ ವಿದ್ವಾಂಸರು ಒಂದು ಹೇಳಿಕೆ ಬಂದರೆ ಮೊದಲು ಇಸ್ನಾದ್ ನೋಡುತ್ತಿದ್ದರು: ಇಂಥವರಿಂದ ಇಂಥವರು ಕೇಳಿದರು, ಅವರಿಂದ ಇಂಥವರು ಎಂಬ ಹೆಸರುಗಳ ಸರಪಳಿ. ಆ ಹೆಸರಿನವರ ನೆನಪಿನ ಶಕ್ತಿ ಎಂಥದು, ಪ್ರಾಮಾಣಿಕತೆ ಎಂಥದು ಎಂದು ತೂಗುವುದೇ ಒಂದು ಶಾಸ್ತ್ರವಾಯಿತು. ಒಂದು ಕೊಂಡಿ ಕಳಚಿದರೆ ಹೇಳಿಕೆ ದುರ್ಬಲ. ನಾವು ಸಹಿ ಹಾಕಿದ ಪ್ರಬಂಧದ ಹೆಸರಿನಲ್ಲೇ ರಿವಾಯತ್ ಇತ್ತು, ಒಳಗೆ ಒಬ್ಬರ ಹೆಸರೂ ಇರಲಿಲ್ಲ.

ಮರದ ಕೆಳಗೆ ಅವನು ಚೀಲದಿಂದ ಒಂದು ಕಟ್ಟು ಕಾಗದ ತೆಗೆದ. ಬಂಕಾಪುರ ಕಡೆಯ ಹುಡುಗಿಯೊಬ್ಬಳು, ಅವನ ಶಿಷ್ಯೆ, ಬರೆದ ಮೊದಲ ಅಧ್ಯಾಯ. ‘ಇದನ್ನ ಇಲ್ಲೇ ಓದೂಣ್ರಿ. ಹೆಂಗ ಓದ್ತೀರಿ ನಾನೂ ನೋಡ್ತೀನಿ’ ಎಂದ. ಓದಿದೆವು. ಅವನು ಗಟ್ಟಿಯಾಗಿ ಓದಿದ, ನಾವು ತಡೆದೆವು. ಕೆಲವು ಕಡೆ ನಾವು ತಡೆದದ್ದು ತಪ್ಪೆಂದು ಅವನು ತೋರಿಸಿಕೊಟ್ಟ. ಹುಡುಗಿ ಪ್ರತಿ ಪದದ ಕೆಳಗೂ ಹಾಡಿದವರ ಹೆಸರು, ಊರು, ವಯಸ್ಸು, ಯಾರಿಂದ ಕಲಿತದ್ದು ಎಂದು ನಾಲ್ಕು ಸಾಲು ಹಾಕಿದ್ದಳು. ಯಾರು ಹೇಳಿಕೊಟ್ಟರೋ, ಅವಳಿಗೇ ಹೊಳೆಯಿತೋ. ಮೂರನೆಯ ಪದಕ್ಕೆ ಬಂದಾಗ ಅವನ ದನಿ ನಿಂತಿತು. ಹಾಡಿದವನು ಒಬ್ಬ ಯುವಕ, ಹೆಸರಿತ್ತು. ಯಾರಿಂದ ಕಲಿತದ್ದು ಎಂಬಲ್ಲಿ, ‘ಊರಿನ ಒಬ್ಬ ಅಜ್ಜನಿಂದ, ಈಗ ಇಲ್ಲ’ ಎಂದಿತ್ತು.

‘ಈ ಅಜ್ಜ ನನಗ ಗೊತ್ರಿ ಸರ್’ ಎಂದ. ‘ನಾನೂ ಈ ಪದ ಬರಕೊಂಡದ್ದು ಅವರ ಕಡಿಂದನ. ಎರಡು ರಾತ್ರಿ ಅವರ ಮನಿಯಾಗ ಉಂಡಿದ್ದೆ.’

ಕಿಸೆಯಿಂದ ಪೆನ್ನು ತೆಗೆದು, ‘ಒಬ್ಬ ಅಜ್ಜನಿಂದ’ ಎಂಬುದನ್ನು ಹೊಡೆದು, ಮೇಲೆ ಸಣ್ಣ ಅಕ್ಷರದಲ್ಲಿ ಹೆಸರು ಬರೆದ.